ಕುಬೇರಪ್ಪನವರು ಏರಿದ ಅಗ್ನಿಪರ್ವತ

೧

ಅಗ್ನಿಪರ್ವತದ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಬುಡದಿಂದ ಎನ್ನುತ್ತೀರಿ. ಹೇಳುವುದು ಸುಲಭ. ಇದನ್ನು ಬರೆಯುತ್ತಿರುವ ಮಾಲತೇಶ ಅಗ್ನಿಪರ್ವತದ ಬುಡವನ್ನೂ ಕಂಡವನಲ್ಲ, ತುದಿಯನ್ನೂ ಕಂಡವನಲ್ಲ. ಅವನು ಕೂತಿರುವುದು ದಾವಣಗೆರೆಯ ವಿನೋಬನಗರದ ಹತ್ತಡಿ ಅಗಲದ ಫ್ಲೆಕ್ಸ್ ಅಂಗಡಿಯಲ್ಲಿ, ಕಂಪ್ಯೂಟರ್ ಮುಂದೆ. ಹಗಲು ಜನರ ಹುಟ್ಟುಹಬ್ಬ, ಸಾವು, ಚುನಾವಣೆಗಳಿಗೆ ಫ್ಲೆಕ್ಸ್ ಡಿಸೈನ್ ಮಾಡುತ್ತಾನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಥೆ ಬರೆಯುತ್ತಾನೆ. ಎರಡರಲ್ಲೂ ವಿಶೇಷಣಗಳು ಜಾಸ್ತಿ.

(‘ನಾನು’ ಎಂದೇ ಬರೆಯಬಹುದಿತ್ತು. ಎರಡು ಸಲ ಬರೆದು ಅಳಿಸಿದ. ಈ ಕಥೆಯಲ್ಲಿ ತಪ್ಪು ಮಾಡಿದವರಲ್ಲಿ ಅವನೂ ಒಬ್ಬ. ‘ಮಾಲತೇಶ’ ಎಂದು ಬರೆದರೆ ಬೇರೆ ಯಾರದೋ ಸುದ್ದಿ ಅನ್ನಿಸಿ ಮೈ ಸ್ವಲ್ಪ ಹಗುರಾಗುತ್ತದೆ. ಹೇಡಿಗಳಿಗೆ ಇದು ಅನುಕೂಲ.)

ಮೊದಲ ಡ್ರಾಫ್ಟ್ ಹೀಗೆ ಶುರುವಾಗಿತ್ತು: ‘ಮೂಡಣ ದಿಕ್ಕು ಕೆಂಪೇರಿತು. ಶಿಖರದ ಮೇಲೆ ನಿಂತ ಆಕೆಯ ಕಣ್ಣಂಚಿನಲ್ಲಿ ಮುತ್ತಿನಂಥ ಹನಿಯೊಂದು...’

ಥೂ. ಕ್ಯಾಲೆಂಡರ್ ಕೆಳಗೆ ಬರೆಯುವ ಸಾಲು ಇದು. ಬಿಟ್ಟ.

೨

ಎರಡನೇ ಡ್ರಾಫ್ಟ್ ಫ್ಲೆಕ್ಸಿನಿಂದ ಶುರುವಾಗುತ್ತದೆ. ಯಾಕೆಂದರೆ ಈ ಪ್ರಕರಣದಲ್ಲಿ ಬೆಟ್ಟ ಹತ್ತುವ ಮುಂಚೆಯೇ ಫ್ಲೆಕ್ಸ್ ಕಂಬ ಹತ್ತಿತ್ತು.

ಕುಬೇರಪ್ಪನವರಿಗೆ ಹರಿಹರದಲ್ಲಿ ಗೊಬ್ಬರ, ಬೀಜ, ಔಷಧಿಯ ಅಂಗಡಿ. (ಔಷಧಿ ಎಂದರೆ ಬೆಳೆಗೆ ಹೊಡೆಯುವುದು. ನಮ್ಮ ಕಡೆ ವಿಷಕ್ಕೂ ಮರ್ಯಾದೆ ಕೊಟ್ಟು ಕರೆಯುತ್ತೇವೆ.) ಟಾರ್ಗೆಟ್ ಮುಟ್ಟಿಸಿದ ಡೀಲರ್‌ಗಳನ್ನು ಔಷಧಿ ಕಂಪನಿಯವರು ಹೆಂಡತಿ ಸಮೇತ ಬಾಲಿ ದ್ವೀಪಕ್ಕೆ ಟೂರ್ ಕರೆದೊಯ್ದರು. ಐದು ದಿನದ ಟೂರು. ಮೂರನೇ ದಿನದ ಐಟಂ, ನಸುಕಿನಲ್ಲಿ ಅಗ್ನಿಪರ್ವತ ಹತ್ತಿ ಸೂರ್ಯೋದಯ ನೋಡುವುದು.

ಹೊರಡುವ ನಾಲ್ಕು ದಿನ ಮುಂಚೆ ಕುಬೇರಪ್ಪ ಮಾಲತೇಶನ ಅಂಗಡಿಗೆ ಬಂದರು.

“ಏ ಮಾಲತೇಶಿ, ಇಪ್ಪತ್ತು ಬೈ ಹತ್ತು ಒಂದು ಫ್ಲೆಕ್ಸ್ ಮಾಡು. ಹಿಂದೆ ಜ್ವಾಲಾಮುಖಿ, ಮುಂದೆ ನಾನು. ಕೆಳಗೆ ಗೆಳೆಯರ ಬಳಗ ಅಂತ ಹಾಕು.”

“ಹೋಗೋಕೆ ಮುಂಚೆನೇ ಹಾಕ್ಸ್ತೀರಾ ಅಣ್ಣಾರೆ?”

“ಬಂದ್ಮೇಲೆ ಹಾಕ್ಸಿದ್ರೆ ಯಾರ್ ನೋಡ್ತಾರಲೇ? ನಾನು ಊರಾಗೆ ಇಳಿಯೋ ಹೊತ್ತಿಗೆ ಜನ ಮಾತಾಡ್ಕಂತಿರ್ಬೇಕು.”

ಈ ಊರುಗಳಲ್ಲಿ ಅಭಿನಂದನೆಗಳನ್ನು ಅರ್ಧಕ್ಕರ್ಧ ಅಭಿನಂದಿತರೇ ಆರ್ಡರ್ ಕೊಡುತ್ತಾರೆ ಎಂಬುದು ಮಾಲತೇಶನಿಗೆ ಗೊತ್ತು. ಅವನು ಕೆಲಸಕ್ಕೆ ಕೂತ. ಕುಬೇರಪ್ಪನವರ ಮಗಳ ಮದುವೆಯ ಫೋಟೋದಿಂದ ಅವರ ತಲೆ ಕತ್ತರಿಸಿ, ಜಾಕೆಟ್ ಹಾಕಿದ ಯಾವನದೋ ಮೈಮೇಲೆ ಕೂರಿಸಿದ. ಹಿಂದೆ ಗೂಗಲ್‌ನಿಂದ ಇಳಿಸಿದ ಲಾವಾ. ಕುದಿಯುವ ಲಾವಾದಿಂದ ನಾಲ್ಕಡಿ ದೂರದಲ್ಲಿ, ಹಣೆಯ ವಿಭೂತಿ ಮಾಸದಂತೆ, ಬೀಗರನ್ನು ಸ್ವಾಗತಿಸುವ ನಗೆ ನಗುತ್ತ ಕುಬೇರಪ್ಪ ನಿಂತರು. ‘ಅಗ್ನಿಪರ್ವತ ಏರಿ ಹರಿಹರದ ಕೀರ್ತಿ ಹೆಚ್ಚಿಸಿದ ಸಾಹಸಿಗೆ ಹಾರ್ದಿಕ ಅಭಿನಂದನೆಗಳು.’ ಸಾಹಸಿ ಎಂಬ ಪದ ಮಾಲತೇಶನದೇ. ಕುಬೇರಪ್ಪ ಕೇಳಿರಲಿಲ್ಲ, ಇವನೇ ಕೈಯಿಂದ ಹಾಕಿದ.

ಫ್ಲೆಕ್ಸ್ ಕಟ್ಟಿದ್ದು ಸೋಮವಾರ. ಬೆಟ್ಟ ಹತ್ತಬೇಕಾಗಿದ್ದು ಬುಧವಾರ. ಲಾವಾದ ಪಕ್ಕ ನಿಂತವರಿಗೆ ಬಿಸಿ ತಾಗುವುದಿಲ್ಲವೇ ಎಂದು ಹರಿಹರದ ಒಂದು ನರಪಿಳ್ಳೆಯೂ ಕೇಳಲಿಲ್ಲ.

೩

ಈಗ ಬೆಟ್ಟ. ಇದು ಕುಬೇರಪ್ಪನವರ ಹೆಂಡತಿ ಗಿರಿಯಮ್ಮ ಆಮೇಲೆ ಮಾಲತೇಶನಿಗೆ ಹೇಳಿದ್ದು.

ಗಿರಿಯಮ್ಮನಿಗೆ ಐವತ್ತೆರಡು. ಹತ್ತಿರದ ಉಕ್ಕಡಗಾತ್ರಿಯ ಗುಡಿಗೆ ಹೋಗಬೇಕಾದರೂ ಯಾರಾದರೂ ಜೊತೆ ಸಿಗುವವರೆಗೆ ಕಾಯಬೇಕಾದ ಹೆಂಗಸು. ಒಬ್ಬಳೇ ಹೋಗಿ ಏನು ಮಾಡುತ್ತೀ ಎನ್ನುವ ಮನೆ. ಅವರು ಆವತ್ತು ಸೀರೆಯ ಮೇಲೆ ಗಂಡನ ಸ್ವೆಟರ್ ಹಾಕಿ, ಮಗಳು ಕೊಡಿಸಿದ ಶೂ ಕಟ್ಟಿ, ಮಂಡಕ್ಕಿಯ ಪೊಟ್ಟಣ ಹಿಡಿದು ಜೀಪಿನಿಂದಿಳಿದರು. ಬೆಳಗಿನ ಜಾವ ಮೂರೂಮುಕ್ಕಾಲು. ಎಲ್ಲರ ಕೈಗೂ ಒಂದೊಂದು ಟಾರ್ಚು. ದಾರಿ ತೋರಿಸಲು ನ್ಯೋಮಾನ್ ಎಂಬ, ಹೆಚ್ಚುಕಡಿಮೆ ಇವರದೇ ವಯಸ್ಸಿನ ಒಬ್ಬ ಹೆಂಗಸು. ಗಿರಿಯಮ್ಮ ಅವಳ ಜೊತೆ ಕನ್ನಡದಲ್ಲೇ ಮಾತಾಡಿದರು. ಅವಳು ತನ್ನ ಭಾಷೆಯಲ್ಲಿ ಮಾತಾಡಿದಳು. ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ.

ಪುಡಿಗಲ್ಲಿನ ದಾರಿ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಅರ್ಧ ಏರುವಷ್ಟರಲ್ಲಿ ಕುಬೇರಪ್ಪ ಒಂದು ಬಂಡೆಯ ಮೇಲೆ ಕುಸಿದು ಕೂತರು.

“ನಂಗಾಗಲ್ಲ ಕಣೇ. ಕೂಡು ನೀನೂ.”

“ಇನ್ನೇನ್ ಬಂತ್ರಿ. ಸಾವಕಾಶ ಹತ್ತಾಣ ಬರ್ರಿ.”

“ಸಾಯ್ಲೇನು ಇಲ್ಲಿ? ಕೂಡು ಅಂದೆ.”

ಮೂವತ್ತೊಂದು ವರ್ಷದ ಸಂಸಾರದಲ್ಲಿ ಕೂಡು ಎಂದಾಗಲೆಲ್ಲ ಕೂತವರು ಗಿರಿಯಮ್ಮ. ಆವತ್ತು ಕೂರಲಿಲ್ಲ.

(ಯಾಕೆ? ಕಥೆಗೆ ಕಾರಣ ಬೇಕಲ್ಲ. ಬಾಲ್ಯದಲ್ಲಿ ಅವರ ಅಪ್ಪ ಒಂದು ಗುಡ್ಡ ತೋರಿಸಿ ಏನೋ ಹೇಳಿದ್ದರು ಎಂದು ಮಾಲತೇಶ ಒಂದು ಪುಟ ಬರೆದ. ಕಥೆಯೊಳಗಿಂದ ಗಿರಿಯಮ್ಮ ಅಡ್ಡ ಬಂದರು: “ನಮ್ಮಪ್ಪ ಯಾವ ಗುಡ್ಡಾನೂ ತೋರ್ಸಿಲ್ಲ. ಸುಳ್ಳು ಬರೀಬ್ಯಾಡ. ಕಾಲು ಹತ್ತತಾ ಇದ್ವು, ಹತ್ತಿದೆ.” ಆ ಪುಟ ಹೋಯಿತು.)

ಹೆಂಡತಿ ಮಾತು ಕೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕುಬೇರಪ್ಪ ಫೋನ್ ಕೊಟ್ಟರು. “ಹೆಂಗೂ ಹೊಂಟೀಯಲ್ಲ, ಸೂರ್ಯಂದು ಒಂದಿಪ್ಪತ್ತು ಫೋಟೋ ಹೊಡ್ಕಂಡ್ ಬಾ. ನೀನ್ ಅಡ್ಡ ಬರಬ್ಯಾಡ.”

ಗಿರಿಯಮ್ಮ ತುದಿ ಮುಟ್ಟಿದರು. ಫೋಟೋ ಹೊಡೆದರು. ಇಪ್ಪತ್ತರಲ್ಲಿ ಹತ್ತೊಂಬತ್ತು ಚೆನ್ನಾಗಿ ಬಂದವು. ಒಂದರಲ್ಲಿ ಅವರ ಹೆಬ್ಬೆರಳು ಬಿದ್ದಿತ್ತು. ಕೆಳಗೆ ಬಂದಾಗ ಕುಬೇರಪ್ಪ ಆ ಒಂದನ್ನು ಡಿಲೀಟ್ ಮಾಡಿದರು.

(ಉಳಿದ ಡೀಲರ್‌ಗಳು ನೋಡಲಿಲ್ಲವೇ ಎಂದು ನೀವು ಕೇಳಬಹುದು. ಅವರಲ್ಲಿ ಮುಕ್ಕಾಲು ಪಾಲು ಅದೇ ಬಂಡೆಗಳ ಮೇಲೆ ಏದುಸಿರು ಬಿಡುತ್ತ ಕೂತಿದ್ದರು. ಅವರ ಊರುಗಳಲ್ಲೂ ಫ್ಲೆಕ್ಸ್ ಅಂಗಡಿಗಳಿವೆ.)

೪

ಆ ರಾತ್ರಿ ಹೋಟೆಲಿನಲ್ಲಿ ಕುಬೇರಪ್ಪ ಟೀವಿ ಹಚ್ಚಲಿಲ್ಲ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೇಳಿದರು. “ಮ್ಯಾಲೆ ಹೆಂಗಿತ್ತೇ?”

ಹೆಂಗಿತ್ತು ಎಂದು ಆ ಮನುಷ್ಯ ಯಾವತ್ತೂ ಏನನ್ನೂ ಕೇಳಿದವರಲ್ಲ. ಹೆರಿಗೆ ಹೆಂಗಾತು ಎಂದೂ ಕೇಳಿದವರಲ್ಲ. ಗಿರಿಯಮ್ಮ ಹಿಗ್ಗಿಬಿಟ್ಟರು. ಮೊದಲು ಯಾವ ಬಣ್ಣ ಬಂತು, ಆಮೇಲೆ ಯಾವುದು, ಕೆಳಗಿನ ಕೆರೆ ಯಾವಾಗ ಕಂಡಿತು, ಬಂಡೆ ಸಂದಿಯಿಂದ ಬರುವ ಹಬೆಗೆ ಕೈಯೊಡ್ಡಿ ಹೇಗೆ ಕಾಸಿಕೊಂಡರು, ಎಲ್ಲ ಹೇಳಿದರು. ಕುಬೇರಪ್ಪ ನಡುವೆ ಬಾಯಿ ಹಾಕಲಿಲ್ಲ. ಒಂದೆರಡು ಕಡೆ ಮಾತ್ರ “ಇನ್ನೊಂದ್ ಸಲ ಹೇಳು” ಎಂದರು. ಇಷ್ಟಕ್ಕಾದರೂ ಈ ಟೂರಿಗೆ ಬಂದದ್ದು ಸಾರ್ಥಕ ಎಂದುಕೊಂಡು ಗಿರಿಯಮ್ಮ ಮಲಗಿದರು.

ಊರಿಗೆ ಬಂದ ಮೇಲೆ ಹರಿಹರದ ಒಂದು ಸಮುದಾಯ ಭವನದಲ್ಲಿ ಸನ್ಮಾನ. ವ್ಯಾಪಾರಸ್ಥರ ಸಂಘದ ಅಧ್ಯಕ್ಷ ಬಕ್ಕೇಶಪ್ಪ ಪೇಟ ತೊಡಿಸಿದರು. ಆವತ್ತು ಬೆಳಗ್ಗೆ ಗಿರಿಯಮ್ಮ ಗಂಡನಿಗೆ ಹೇಳಿದ್ದರು: “ಒಂದ್ ಮಾತು ನನ್ ಹೆಸರೂ ಹೇಳ್ರಿ. ಇಕಿ ತುದೀತನಕ ಹೋಗಿದ್ಲು ಅಂತ. ಅಷ್ಟೇ ಸಾಕು.”

“ಫ್ಲೆಕ್ಸ್ ಹಾಕ್ಸಿ ಆಗೈತೆ, ಈಗ ಜನಕ್ಕೆ ಏನಂತ ಹೇಳ್ಲಿ? ನಾನ್ ಹತ್ತಿದ್ರೂ ಒಂದೇ, ನೀನ್ ಹತ್ತಿದ್ರೂ ಒಂದೇ.”

(ಒಂದೇ ಆದರೆ ಅವರ ಹೆಸರನ್ನೇ ಹೇಳಬಹುದಿತ್ತಲ್ಲ? ಇದನ್ನು ಮಾಲತೇಶ ಕಂಸದೊಳಗೆ ಕೇಳುತ್ತಿದ್ದಾನೆ. ಎದುರಿಗೆ ಕೇಳುವ ಧೈರ್ಯವಿಲ್ಲ.)

ಮೈಕಿನಲ್ಲಿ ಕುಬೇರಪ್ಪ ಚೆನ್ನಾಗಿ ಮಾತಾಡಿದರು. “ಬೆಣ್ಣೆ ಕಾಸುವಾಗ ಅಂಚಿನಾಗೆ ಮೊದಲು ಕೆಂಪಗಾಗ್ತೈತಲ್ಲ, ಹಂಗೆ ಆಕಾಶ ಆತು. ಬಂಡೆ ಸಂದ್ಯಾಗಿನ ಹಬೆಗೆ ಕೈಯೊಡ್ಡಿದೆ ನೋಡ್ರಿ, ಬಾಣಂತಿ ಕೋಣೆ ಬಿಸಿ ಇದ್ದಂಗಿತ್ತು.” ಬೆಣ್ಣೆ ಡಬ್ಬಿ ಮನೆಯಲ್ಲಿ ಎಲ್ಲಿದೆ ಎಂದು ಗೊತ್ತಿಲ್ಲದ ಗಂಡಸಿಗೆ ಈ ಮಾತು ಎಲ್ಲಿಂದ ಬಂತು ಎಂದು ಇಡೀ ಭವನದಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಗಿರಿಯಮ್ಮ ಮುಂದಿನ ಸಾಲಿನಲ್ಲಿ ಕೂತು ತಮ್ಮ ಬೆಳಗು ಬೇರೆಯವರ ಬಾಯಿಂದ ಹೊರಬರುವುದನ್ನು ಕೇಳಿದರು. ಮಾಲತೇಶ ಹಿಂದೆ ನಿಂತಿದ್ದ. ಜೋರಾಗಿ ಚಪ್ಪಾಳೆ ತಟ್ಟಿದ.

೫

ಒಂದು ವಾರದ ಮೇಲೆ, ಮಧ್ಯಾಹ್ನ, ಗಿರಿಯಮ್ಮ ಒಬ್ಬರೇ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಮಾಲತೇಶನ ಅಂಗಡಿ ಹುಡುಕಿಕೊಂಡು ಬಂದರು. ಬಿಸಿಲಲ್ಲಿ ಮುಖ ಕೆಂಪಾಗಿತ್ತು. ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ಮೇಲೆ ಬರೆದದ್ದನ್ನೆಲ್ಲ ಹೇಳಿದರು. ಆಮೇಲೆ ಬಂದ ಕೆಲಸ ಹೇಳಿದರು.

“ನಂದೂ ಒಂದು ಮಾಡಿಕೊಡಪ್ಪ. ದೊಡ್ಡದು ಬ್ಯಾಡ. ಎರಡು ಬೈ ಮೂರು ಸಾಕು. ಊರಿಗೆ ತೋರ್ಸಕ್ಕಲ್ಲ, ಅಡಿಗೆಮನೆಗೆ ಹಾಕ್ಕಂತೀನಿ.”

“ಮ್ಯಾಲೆ ಹೊಡ್ಸಿದ್ ಫೋಟೋ ಐತೇನಕ್ಕ?”

“ನಂದು ಒಂದೂ ಇಲ್ಲ.”

“ಪರ್ವಾಗಿಲ್ಲ ಬಿಡ್ರಿ. ಯಾವ್ದಾದ್ರೂ ಫೋಟೋ ಕೊಡ್ರಿ, ಅಂಟಿಸ್ತೀನಿ. ಗೊತ್ತೇ ಆಗಲ್ಲ.”

ಗಿರಿಯಮ್ಮ ನೀರಿನ ಲೋಟ ಕೆಳಗಿಟ್ಟರು. ಆಮೇಲೆ, “ಹೋಗ್ದೇ ಇದ್ದೋರ್ನ ಅಂಟಿಸ್ದೆ, ಸರಿ. ಹೋಗಿ ಬಂದೋಳ್ನೂ ಅಂಟಿಸ್ತೀಯಾ?” ಎಂದರು.

ಮಾಲತೇಶನಿಗೆ ಹೆದರಿಕೆ ಹತ್ತಿತು. ಕುಬೇರಪ್ಪ ಅವನ ಖಾಯಂ ಗಿರಾಕಿ. “ಅಣ್ಣಾರಿಗೆ ಗೊತ್ತಾದ್ರೆ ಬೇಜಾರ್ ಮಾಡ್ಕಂತಾರೆ ಅಕ್ಕ. ಹಬ್ಬದ ಸೀಜನ್ ಬೇರೆ, ಮಷೀನ್ ಖಾಲಿ ಇಲ್ಲ. ಮುಂದಿನ್ ತಿಂಗಳು ನೋಡಾಣ,” ಎಂದ. ಹಿಂದೆ ಮಷೀನು ಸುಮ್ಮನೆ ನಿಂತಿತ್ತು. ಇಬ್ಬರಿಗೂ ಕಾಣುತ್ತಿತ್ತು.

“ಆತು ಬಿಡು,” ಎಂದು ಅವರು ಎದ್ದು ಹೋದರು. ಮಾಲತೇಶನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಸಹ್ಯವಾದಾಗ ಅವನಂಥವರು ಏನು ಮಾಡುತ್ತಾರೆ? ಕಥೆ ಬರೆಯುತ್ತಾರೆ.

೬

ಕೊನೆ ಹೇಗಿರಬೇಕು? ಮೂರು ಇವೆ. ಬೇಕಾದದ್ದು ಆರಿಸಿಕೊಳ್ಳಿ.

ಅ) ಸನ್ಮಾನದ ವೇದಿಕೆಯಲ್ಲೇ ಕುಬೇರಪ್ಪನವರ ಗಂಟಲು ಕಟ್ಟುತ್ತದೆ. ಪೇಟ ತೆಗೆದು ಹೆಂಡತಿಯ ತಲೆಗಿಡುತ್ತಾರೆ. (ಕುಬೇರಪ್ಪ ಕಥೆಯೊಳಗಿಂದ ಗದರುತ್ತಾರೆ: “ಏನಲೇ, ನನ್ ಮರ್ಯಾದಿ ತೆಗಿಯಾಕೆ ಕುಂತೀಯೇನು? ನಾನ್ ಅಂತಾ ಕೆಲಸ ಮಾಡಲ್ಲ ಅಂತ ನಿನಗೆ ಗೊತ್ತಿಲ್ವಾ?” ಗೊತ್ತು. ತೆಗೆದ.)

ಆ) ನಸುಕಿನಲ್ಲಿ ಗಿರಿಯಮ್ಮ ಈಳಿಗೆಮಣೆ ಹಿಡಿದು ಹೋಗಿ ಫ್ಲೆಕ್ಸ್ ಹರಿಯುತ್ತಾರೆ. (ಗಿರಿಯಮ್ಮ: “ಹರಿದ್ರೆ ಇನ್ನೊಂದ್ ಹಾಕ್ಸ್ತಾರೆ. ನಿನಗೇ ವ್ಯಾಪಾರ.”)

ಇ) ಮಾಲತೇಶ ಪಶ್ಚಾತ್ತಾಪಪಟ್ಟು ಸ್ವಂತ ಖರ್ಚಿನಲ್ಲಿ ಗಿರಿಯಮ್ಮನ ಹೆಸರಿನ ಫ್ಲೆಕ್ಸ್ ಮಾಡಿ ಹರಿಹರದ ನಟ್ಟನಡುವೆ ಕಟ್ಟುತ್ತಾನೆ. ಇದನ್ನು ಬರೆಯುವಾಗ ಅವನ ಕಣ್ಣು ಒದ್ದೆಯಾದವು. ಕಥೆಯಲ್ಲಾದರೂ ಒಳ್ಳೆಯವನಾಗುವ ಆಸೆ ನೋಡಿ. ಇದೂ ನಡೆಯಲಿಲ್ಲ.

೭

ನಡೆದದ್ದು ಇದು. ಮಾಲತೇಶ ಫೋನ್ ಮಾಡಿ ಗಿರಿಯಮ್ಮನನ್ನು ಕರೆಸಿ, ಇಲ್ಲಿಯವರೆಗಿನದನ್ನು ಓದಿ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು.

“ಕಥೆ ಕೆಳಗೆ ಯಾರ ಹೆಸರು ಹಾಕ್ತೀಯಾ?”

“ಬರ್ದೋನು ನಾನೇ ಅಲ್ವೇನಕ್ಕ... ನಂದೇ.”

“ಹತ್ತಿದೋಳು ನಾನು. ಮೈಕಿನಾಗೆ ಹೇಳ್ದೋರು ಅವರು. ಬರ್ದೋನು ನೀನು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. “ಮೊದಲು ಕಣ್ಣು ಮುಚ್ಚಿದ್ರೆ ಆ ಸೂರ್ಯ ಬರ್ತಿದ್ದ ಕಣಪ್ಪ. ಈಗ ಇವರು ಮೈಕ್ ಹಿಡ್ಕಂಡು ಬರ್ತಾರೆ. ಹೋತು ಅದು. ಇನ್ನು ವಾಪಸ್ ಬರಲ್ಲ.”

ಹೊರಗೆ ಆಟೋದವನೊಬ್ಬ ಹಾರನ್ ಹೊಡೆದು ಹೋದ. ಗಿರಿಯಮ್ಮ ಚೀಲ ಹೆಗಲಿಗೇರಿಸಿದರು.

“ಆದ್ರೆ ಅವರಿಗೆ ಹೇಳ್ದೇ ಇರೋದು ಒಂದು ಉಳ್ದೈತೆ. ಸೂರ್ಯ ಹುಟ್ಟೋಕೆ ಮುಂಚೆ ಒಂದ್ ಹತ್ತು ನಿಮಿಷ. ಇನ್ನೂ ಕತ್ಲು. ನಾನು, ಆ ದಾರಿ ತೋರ್ಸೋ ಹೆಣ್ಮಗಳು, ಇಬ್ರೇ ಇದ್ವಿ, ಉಳಿದೋರು ಇನ್ನೂ ಹಿಂದಿದ್ರು. ಆವಾಗ ಏನೋ ಒಂದಾತು. ಅದು ನನ್ ಹತ್ರನೇ ಐತೆ.”

ಮಾಲತೇಶನ ಬೆರಳು ಅವನಿಗೇ ಗೊತ್ತಿಲ್ಲದಂತೆ ಕೀಬೋರ್ಡಿನ ಮೇಲೆ ಹೋಗಿತ್ತು. “ಏನಾತಕ್ಕ?”

ಗಿರಿಯಮ್ಮ ಆ ಬೆರಳು ನೋಡಿದರು, ಅವನ ಮುಖ ನೋಡಿದರು.

“ಅವರೂ ಹಿಂಗೇ ಕೇಳಿದ್ರು,” ಎಂದರು. ಹರಿಹರದ ಬಸ್ಸಿಗೆ ಹೋದರು.

ಆಮೇಲೆ ಮಾಲತೇಶ ಆ ಹತ್ತು ನಿಮಿಷವನ್ನು ಏಳು ಥರ ಬರೆದ. ಒಂದರಲ್ಲಿ ಅವರು ಅತ್ತರು. ಒಂದರಲ್ಲಿ ಗಂಡನ ಸ್ವೆಟರ್ ಕಳಚಿ ಚಳಿಯಲ್ಲಿ ನಿಂತರು. ಒಂದರಲ್ಲಿ ಮಂಡಕ್ಕಿಯನ್ನು ಆ ಹೆಂಗಸಿನ ಜೊತೆ ಹಂಚಿಕೊಂಡು ತಿನ್ನುತ್ತ, ಕಾರಣವೇ ಇಲ್ಲದೆ ಇಬ್ಬರೂ ನಕ್ಕರು. ಏಳೂ ಚೆನ್ನಾಗಿದ್ದವು, ಏಳೂ ಕಥೆಗೆ ಒಪ್ಪುತ್ತಿದ್ದವು. ಏಳನ್ನೂ ಅಳಿಸಿದ. ಇಲ್ಲಿ ಮೂರನ್ನು ಹೇಳಿಬಿಟ್ಟದ್ದು ಅವನ ಚಟ, ಅವನ್ನು ನಂಬಬೇಡಿ. ಅವು ಸುಳ್ಳೆಂದು ಅಳಿಸಿದ್ದಲ್ಲ. ಅಕಸ್ಮಾತ್ ಅವುಗಳಲ್ಲೊಂದು ನಿಜವಾಗಿದ್ದರೆ ಎಂದು ಹೆದರಿ ಅಳಿಸಿದ್ದು.