ಆಯ್ತು ಮೇಡಂ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಒಂದು ತಲೆನೋವಾಗಿದೆ. ಮೊದಲು ಹೀಗೆ ಬರೆದೆ: "ಗಾಜಿನ ಕಟ್ಟಡದ ಮೇಲೆ ಎಳೆಬಿಸಿಲು ಬಿದ್ದಿತ್ತು. ಹುಡುಗಿಯ ಕೊರಳಲ್ಲಿ ಹೊಸ ಐಡಿ ಕಾರ್ಡು, ಕಣ್ಣಲ್ಲಿ ಸಾವಿರ ಕನಸು..." ಓದಿ ನನಗೇ ನಾಚಿಕೆಯಾಯಿತು. ಸಾವಿರ ಎಂದು ಎಣಿಸಿದವರು ಯಾರು? ಹೊಡೆದು ಹಾಕಿದೆ. (ಎಳೆಬಿಸಿಲು ಬೇಕಾದರೆ ನೀವು ಇಟ್ಟುಕೊಳ್ಳಿ.)

೧, ಮತ್ತೊಮ್ಮೆ

ಹುಡುಗಿಯ ಕಾಲೇಜಿನವರು ಒಂದು ವರದಿ ಕೇಳಿದ್ದಾರೆ: "ಇಂಟರ್ನ್‌ಶಿಪ್ಪಿನಲ್ಲಿ ನಾನು ಕಲಿತ ಪಾಠಗಳು". ಕಥೆಯನ್ನೂ ಅದೇ ಧಾಟಿಯಲ್ಲಿ ಎಳೆದುಬಿಡೋಣ ಎಂದುಕೊಂಡೆ. ಕಾಫಿ ಮೆಷಿನ್ನಿನ ಎಡಗಡೆ ಗುಂಡಿ ಒತ್ತಿದರೆ ಬರೀ ಬಿಸಿನೀರು ಬರುತ್ತದೆ, ಇದು ಪಾಠ. "ನಾವೆಲ್ಲ ಅಲೈನ್ ಆಗಬೇಕು" ಎಂದರೆ ದೊಡ್ಡ ಸಾರ್ ಹೇಳಿದ್ದಕ್ಕೆ ತಲೆಯಾಡಿಸಬೇಕು, ಇದೂ ಪಾಠ. ಮೀಟಿಂಗಿನಲ್ಲಿ ಏನೂ ತಲೆಗೆ ಹೋಗದಿದ್ದರೆ ಹುಬ್ಬು ಗಂಟಿಕ್ಕಿ ಏನಾದರೂ ಗೀಚುತ್ತಿರಬೇಕು, ಇದಂತೂ ಜೀವನಪೂರ್ತಿ ಉಪಯೋಗಕ್ಕೆ ಬರುವ ಪಾಠ. ಇಷ್ಟು ಬರೆಯುವಷ್ಟರಲ್ಲಿ ಕಥೆಯ ಹುಡುಗಿಯೇ ಬಂದು ಎದುರಿಗೆ ಕೂತಳು. ಕಾಫಿ ಪುರಾಣ ಸಾಕು, ಲೇಬಲ್ ವಿಷಯಕ್ಕೆ ಬನ್ನಿ ಎಂದಳು. ಬಂದೆ.

೨

ಪರಿಚಯ ಮಾಡಿಸಿಬಿಡುತ್ತೇನೆ. ಮನೆಯಲ್ಲಿ ಪುಟ್ಟಿ, ಆಫೀಸಿನಲ್ಲಿ ಇಂಟರ್ನು. ಕಂಪನಿ ತಯಾರಿಸುವುದು ನೆಲ ಒರೆಸುವ ದ್ರಾವಣ. ನಿಂಬೆ ವಾಸನೆ, ತಿಳಿಹಳದಿ ಬಣ್ಣ, ನೋಡಲಿಕ್ಕೆ ಥೇಟ್ ಷರಬತ್ತು. ಪುಟ್ಟಿಯನ್ನು ಹಾಕಿದ್ದು ಬಾಟಲಿಯ ಲೇಬಲ್ ಮಾಡುವ ವಿಭಾಗಕ್ಕೆ. ಅಲ್ಲಿಯ ಮುಖ್ಯಸ್ಥೆಯನ್ನು ಇಡೀ ಮಹಡಿ ಲೇಬಲ್ ಮೇಡಂ ಎಂದೇ ಕರೆಯುತ್ತದೆ.

ಈ ಮೇಡಂ ಒಳ್ಳೆಯವರು. (ಕೆಟ್ಟವರಾಗಿದ್ದರೆ ಕಥೆ ಬರೆಯುವುದು ಸಲೀಸಾಗುತ್ತಿತ್ತು, ಏನು ಮಾಡಲಿ.) ಮೊದಲ ದಿನ ಕೂರಲು ಜಾಗವಿಲ್ಲದೆ ಪುಟ್ಟಿ ಪ್ರಿಂಟರ್ ಪಕ್ಕ ನಿಂತಿದ್ದಾಗ ತಮ್ಮ ಮೇಜಿನ ಅರ್ಧ ಖಾಲಿ ಮಾಡಿಕೊಟ್ಟರು. ಮಧ್ಯಾಹ್ನ ತಮ್ಮ ಡಬ್ಬಿಯನ್ನು ಕೇಳದೇ ಇವಳ ಕಡೆ ತಳ್ಳುತ್ತಿದ್ದರು. ಅವರದೊಂದು ಲೇಬಲ್ ಈ ವರ್ಷವೇ ಒಮ್ಮೆ ತಪ್ಪಾಗಿ ಅಚ್ಚಾಗಿತ್ತು. ಇನ್ನೊಂದು ಸಲ ಹೀಗಾದರೆ ನಿಮ್ಮ ದಾರಿ ನಿಮಗೆ ಎಂದು ದೊಡ್ಡ ಸಾರ್ ಎಲ್ಲರೆದುರು ಹೇಳಿದ್ದರು. ಮೇಡಂ ಮನೆ ನಡೆಯುವುದು ಅವರ ಸಂಬಳದಲ್ಲೇ ಎಂಬುದು ಪುಟ್ಟಿಗೂ ಗೊತ್ತಿತ್ತು.

೩

ಈಗ "ಆಯ್ತು" ಎಂಬ ಪದಕ್ಕೆ ಬರೋಣ. ಅಮ್ಮ ಅಡುಗೆಮನೆಯಿಂದ ಪಾತ್ರೆ ತೊಳಿ ಎಂದು ಕೂಗಿದರೆ ಪುಟ್ಟಿ ಹಾಸಿಗೆಯಲ್ಲಿ ಹೊರಳಿ "ಆಯ್ತಮ್ಮ" ಎನ್ನುತ್ತಾಳೆ. ಕೇಳಿಸಿತು, ಯಾವಾಗಲೋ ಒಂದು ಹೊತ್ತಿನಲ್ಲಿ ತೊಳೆಯುತ್ತೇನೆ ಎಂದು ಅದರ ಅರ್ಥ. ಹೆತ್ತ ತಾಯಿಗೆ ಇದು ಗೊತ್ತಿರದೇ ಇರುತ್ತದೆಯೇ? ಅವರು ಅಷ್ಟು ಹೊತ್ತಿಗೆ ತಾವೇ ತೊಳೆಯಲು ಶುರು ಮಾಡಿರುತ್ತಾರೆ. ಆಫೀಸಿನಲ್ಲಿ "ಆಯ್ತು" ಎಂದರೆ ಕೆಲಸ ಮುಗಿಯಿತು. ಶುರುವೇ ಆಗದ ಕೆಲಸಕ್ಕೂ ಮುಗಿದುಹೋದ ಕೆಲಸಕ್ಕೂ ಒಂದೇ ಪದ ಕೊಟ್ಟ ನಮ್ಮ ಹಿರಿಯರು ಭಾರಿ ಉಪಕಾರಿಗಳು.

ಅಚ್ಚಿಗೆ ಹೋಗುವ ಮೊದಲು ಹೊಸ ಲೇಬಲಿನ ಪ್ರೂಫ್ ಓದಿ ತಪ್ಪಿದ್ದರೆ ಹೇಳು ಎಂದು ಮೇಡಂ ಒಂದು ಫೈಲ್ ಕಳಿಸಿದ್ದರು. ಮಾರನೇ ದಿನ ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಲೇ ಈ ಕಡೆ ತಿರುಗಿ, "ಪ್ರೂಫು, ಪುಟ್ಟಾ?" ಎಂದರು. ನೆನಪಿಸುತ್ತಿದ್ದಾರೆ ಎಂದುಕೊಂಡು ಇವಳು "ಆಯ್ತು ಮೇಡಂ" ಎಂದಳು. ಮೇಡಂ "ಶಹಬ್ಬಾಸ್" ಎಂದು ಬೆನ್ನು ತಟ್ಟಿ ಫೋನಿಗೆ ಮರಳಿದರು. ಓದುತ್ತೇನೆ ಎಂದಿದ್ದಕ್ಕೇ ಬೆನ್ನು ತಟ್ಟುವ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದು ಪೂರ್ವಜನ್ಮದ ಪುಣ್ಯ ಎಂದು ಪಾಪದ ಹುಡುಗಿ ಹಿಗ್ಗಿದಳು. ಫೋನಿನ ಆ ತುದಿಯಲ್ಲಿದ್ದದ್ದು ಪ್ರಿಂಟಿಂಗ್ ಪ್ರೆಸ್ಸಿನವನು.

೪

ನಾಲ್ಕಾರು ದಿನ ಕಳೆದು, ಮಾಡಲು ಬೇರೇನೂ ಇಲ್ಲದಾಗ, ಪುಟ್ಟಿ ಆ ಫೈಲ್ ತೆರೆದಳು. "ಇದನ್ನು ಕುಡಿಯಬಾರದು" ಎಂದಿರಬೇಕಾದ ಕಡೆ "ಇದನ್ನು ಕುಡಿಯಬಹುದು" ಎಂದಿತ್ತು. ಟೈಪ್ ಮಾಡಿದ ಪುಣ್ಯಾತ್ಮನ ಬೆರಳು ಜಾರಿದ್ದು ಬರೀ ಎರಡಕ್ಷರದಷ್ಟು. ಕೆಳಗಿನ ಸಾಲು ಸರಿಯಾಗಿತ್ತು: "ಮಕ್ಕಳ ಕೈಗೆ ಸಿಗದಂತೆ ಇಡಿ". ಎರಡನ್ನೂ ಕೂಡಿಸಿ ಓದಿದರೆ, ದೊಡ್ಡವರು ಬಚ್ಚಿಟ್ಟುಕೊಂಡು ಕುಡಿಯಿರಿ ಎಂದಾಗುತ್ತಿತ್ತು.

ಪುಟ್ಟಿ ನಗುತ್ತಲೇ ಹೋಗಿ ಮೇಡಂಗೆ ತೋರಿಸಿದಳು. ಮೇಡಂ ನಗಲಿಲ್ಲ. ಲೇಬಲ್ ಅಚ್ಚಾಗಿದೆ, ಬಾಟಲಿಗೆ ಅಂಟಿಸಿಯೂ ಆಗಿದೆ, ಕೆಳಗೆ ಗೋಡೌನಿನಲ್ಲಿ ಲಾರಿಗೆ ತುಂಬುತ್ತಿದ್ದಾರೆ ಎಂದರು. ಗೋಡೌನಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಪುಟ್ಟಿ ಮೆಟ್ಟಿಲ ಕಡೆ ಓಡಿದಳು.

೫

ಮೆಟ್ಟಿಲುಗಳ ಬಗ್ಗೆ ನಾನೊಂದು ಒಳ್ಳೆಯ ಪ್ಯಾರಾ ಬರೆದಿಟ್ಟಿದ್ದೆ. ಮೇಲೇರುವವರ ಕಾರ್ಪೊರೇಟ್ ಜಗತ್ತಿನಲ್ಲಿ ಒಬ್ಬಳು ಕೆಳಗಿಳಿಯುತ್ತಿದ್ದಾಳೆ ಎಂದೇನೋ ಇತ್ತು, ತೂಕದ್ದು.

"ಸಾರ್, ನೀವು ತೂಕ ಹಾಕ್ತಾ ಕೂತ್ರೆ ಲಾರಿ ಗೇಟ್ ದಾಟುತ್ತೆ," ಎಂದಳು ಓಡುತ್ತಲೇ.

ಸರಿ, ಬಿಟ್ಟೆ. ಹಾಗಾದರೆ ನೇರವಾಗಿ ಲಾರಿಯ ಮುಂದೆ ಎರಡೂ ಕೈ ಅಗಲಿಸಿ ನಿಂತುಬಿಡು, ಜನ ಚಪ್ಪಾಳೆ ತಟ್ಟುತ್ತಾರೆ ಎಂದೆ. ತನಗೇನು ಹುಚ್ಚು ಹಿಡಿದಿದೆಯೇ ಎಂದು ಕೇಳಿದಳು. ಗೋಡೌನಿನ ಮೇಲ್ವಿಚಾರಕ, ನಿಲ್ಲಿಸಬೇಕಾದರೆ ಮೇಲಿನವರಿಂದ ಮೇಲ್ ಬರಬೇಕು ಎಂದ. ಇವಳು ಅವನ ಹತ್ತಿರ ವಾದಕ್ಕೆ ನಿಲ್ಲದೆ, ಪೆಟ್ಟಿಗೆಯಿಂದ ಒಂದು ಬಾಟಲಿ ಎಳೆದುಕೊಂಡು ಹೋಗಿ, ಇಂಜಿನ್ ಶುರು ಮಾಡಿದ್ದ ಡ್ರೈವರಿನ ಕಿಟಕಿಗೆ ಹಿಡಿದಳು.

"ಅಣ್ಣಾ, ಇದನ್ನೊಂದ್ಸಲ ಓದಿ."

ಡ್ರೈವರ್ ಓದಿದ. ಇನ್ನೊಮ್ಮೆ ಓದಿ ಬಾಟಲಿಯನ್ನು ಮೂಸಿ ನೋಡಿದ. ಆಮೇಲೆ ಇಂಜಿನ್ ಆರಿಸಿ ಕೆಳಗಿಳಿದ. ಒಂದು ಬಾಟಲಿಯೂ ಗೇಟ್ ದಾಟಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಶುಭಂ ಎನ್ನಬಹುದಿತ್ತು. ನಾನು ಪೆನ್ನಿನ ಕ್ಯಾಪ್ ಕೂಡ ಹಾಕಿದ್ದೆ.

೩, ತಿದ್ದುಪಡಿ

ದೊಡ್ಡ ಸಾರ್ ಇಬ್ಬರನ್ನೂ ಗಾಜಿನ ಕೋಣೆಗೆ ಕರೆಸಿದ್ದಾರೆ. ಪ್ರೂಫ್ ಓದಿ ಆಯ್ತು ಎಂದು ಹೇಳಿದ್ದು ಯಾರು ಎಂಬುದು ಅವರಿಗೆ ಬೇಕು. ಮೇಡಂ ಆಗಲೇ ಒಳಗೆ ಹೋಗಿ ಕೂತಿದ್ದಾರೆ. ಪುಟ್ಟಿ ಬಾಗಿಲ ಹೊರಗೆ ನನ್ನ ಹತ್ತಿರ ನಿಂತಿದ್ದಾಳೆ.

ನಾನು ಅವಳಿಗೆ ಮೂರು ಅಂತ್ಯ ತೋರಿಸಿದೆ, ಅಂಗಡಿಯವನು ಬಟ್ಟೆ ಬಿಚ್ಚಿ ತೋರಿಸಿದ ಹಾಗೆ. ಮೊದಲನೆಯದರಲ್ಲಿ ಪುಟ್ಟಿ, ನಾನು ಆಯ್ತು ಅಂದದ್ದು ಓದುತ್ತೇನೆ ಎಂಬ ಅರ್ಥದಲ್ಲಿ, ಮೇಡಂ ತಪ್ಪು ತಿಳಿದರು ಎನ್ನುತ್ತಾಳೆ. ವ್ಯಾಕರಣ ಅವಳ ಪರ, ಕೆಲಸ ಪಕ್ಕಾ, ಮೇಡಂ ಮನೆಗೆ. ಎರಡನೆಯದರಲ್ಲಿ ಅವಳು ಬಾಯಿ ಬಿಡುವುದಿಲ್ಲ, ಮೇಡಂ ಒಳ್ಳೆಯತನದಿಂದ ತಾವೇ ತಪ್ಪು ಹೊರುತ್ತಾರೆ. ಮೂರನೆಯದರಲ್ಲಿ, ಲಾರಿ ನಿಲ್ಲಿಸಿದ್ದಕ್ಕೆ ಸಾರ್ ಇಬ್ಬರನ್ನೂ ಹೊಗಳಿ ಕೇಕ್ ತರಿಸುತ್ತಾರೆ. (ಕೇಕಿನದ್ದು ನನಗೂ ನಾಚಿಕೆಯೇ.)

ಅವಳು ಯಾವುದನ್ನೂ ಮುಟ್ಟಲಿಲ್ಲ. "ಮೊದ್ಲು ಆ ಆಯ್ತು ಬಗ್ಗೆ ಬರೆದ್ರಲ್ಲ, ಕಥೆಯ ಮೂರನೇ ಭಾಗ, ಅದನ್ನ ತಿದ್ದಿ ಸಾರ್," ಎಂದಳು.

ಅದರಲ್ಲೇನು ತಪ್ಪು, ಓದುಗರಿಗೆ ಹಿಡಿಸುವ ಭಾಗವೇ ಅದು ಎಂದೆ.

"ಪಾಪದ ಹುಡುಗಿ ಅಂತ ಬರ್ದಿದೀರಿ. ಅವ್ರು ಶಹಬ್ಬಾಸ್ ಅಂದ ತಕ್ಷಣಾನೇ ನಂಗೆ ಗೊತ್ತಾಯ್ತು, ಓದಿ ಮುಗಿಸಿದೀನಿ ಅಂತ ತಿಳ್ಕೊಂಡ್ರು ಅಂತ. ಇಲ್ಲ ಮೇಡಂ, ಇನ್ನೂ ಓದಿಲ್ಲ ಅನ್ನೋಕೆ ಎಷ್ಟೊತ್ತು ಬೇಕಿತ್ತು? ಬೆನ್ನು ತಟ್ಟಿದ್ರಲ್ಲ, ಹಿತ ಅನ್ನಿಸ್ತು. ಸುಮ್ನಿದ್ದೆ."

ಅವಳನ್ನು ಬರೆದವನು ನಾನು, ಅವಳು ಸುಮ್ಮನಿದ್ದದ್ದು ನನಗೇ ಕಾಣಿಸಿರಲಿಲ್ಲ. ಹಾಗಾದರೆ ಆ ಮಾತು ಹೊರಗೆ ಬರಬೇಕಾಗಿಯೇ ಇಲ್ಲ, ನಿನಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದು ಪಿಸುಗುಟ್ಟಿದೆ. ಕೆಲಸ ಹೋಗುತ್ತದೆ, ಸರ್ಟಿಫಿಕೇಟೂ ಕೊಡುವುದಿಲ್ಲ, ಕಾಲೇಜಿನ ಒಂದು ವರ್ಷ ದಂಡ ಎಂದು ಹೆದರಿಸಿದೆ. ಗೊತ್ತು ಎಂದಳು.

"ನೀವು ಒಳಗೆ ಬರ್ಬೇಡಿ. ಬಂದ್ರೆ ಚೆಂದ ಮಾಡಿ ಹಾಕ್ತೀರಿ."

ಹೋಗಿ ಬಾಗಿಲು ಹಾಕಿಕೊಂಡಳು.

೬ ಅಥವಾ ೭, ಯಾರಿಗೆ ಬೇಕು ಲೆಕ್ಕ

ಈ ಗಾಜಿನ ಕೋಣೆಗಳನ್ನು ಕಟ್ಟಿದವನು ಜಾಣ. ಎಲ್ಲ ಕಾಣುತ್ತದೆ, ಒಂದಕ್ಷರ ಕೇಳುವುದಿಲ್ಲ. ಕಥೆ ಹೇಳುವವನನ್ನು ಹೊರಗೆ ನಿಲ್ಲಿಸಿ ಮಂಗ ಮಾಡುವುದೆಂದರೆ ಹೀಗೆ.

ದೊಡ್ಡ ಸಾರ್ ಏನೋ ಕೇಳಿದರು. ಪುಟ್ಟಿ ಎದ್ದು ನಿಂತಳು. ಪಕ್ಕದಲ್ಲಿ ಕೂತ ಮೇಡಂ ಅವಳ ತೋಳು ಹಿಡಿದು ಕೆಳಕ್ಕೆ ಎಳೆದರು, ನೀನು ಕೂತ್ಕೋ ನಾನು ಹೇಳ್ತೀನಿ ಎನ್ನುವವರ ಹಾಗೆ. ಅವಳು ಕೂರಲಿಲ್ಲ. ಸಾರ್ ಕಡೆ ನೋಡುವುದನ್ನು ಬಿಟ್ಟು ಮೇಡಂ ಕಡೆ ತಿರುಗಿ ಮಾತಾಡತೊಡಗಿದಳು. ನಡುವೆ ಒಮ್ಮೆ ಕೈಯಿಂದ ತನ್ನ ಬೆನ್ನನ್ನೇ ಮುಟ್ಟಿ ತೋರಿಸಿದಳು.

ಮೇಡಂ ಹಿಡಿದಿದ್ದ ತೋಳನ್ನು ಬಿಟ್ಟರು.

ಸಿಟ್ಟಿಗೆ ಬಿಟ್ಟರೋ, ಹೇಳಿಕೊಳ್ಳಲಿ ಎಂದು ಬಿಟ್ಟರೋ, ಅವರ ಮುಖ ಆ ಕಡೆ ಇದ್ದುದರಿಂದ ನನಗೆ ತಿಳಿಯಲಿಲ್ಲ. ಬಾಗಿಲು ತೆರೆಯುವ ತನಕ ಕಾದರೆ ತಿಳಿದೀತು. ಆದರೆ ತಿಳಿದರೆ ನಾನು ಬರೆದೇ ಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಆ ಹುಡುಗಿ ಮೊದಲೇ ಬೇಡ ಎಂದಿದ್ದಾಳೆ. ನಾನು ಹೊರಟೆ. ಅವಳು ಇನ್ನೂ ಮಾತಾಡುತ್ತಿದ್ದಳು.