ಅರುಣಕೇಶದ ನೊರೆ

ನಮ್ಮ ಭಾವ 'ಅರುಣಕೇಶ' ಎಂಬ ಶಾಂಪೂ ಕಂಡುಹಿಡಿದರು. ಕಂಡುಹಿಡಿದರು ಎಂಬ ಮಾತು ಅವರದೇ. ನಾನಾಗಿದ್ದರೆ ಕಲಸಿದರು ಎನ್ನುತ್ತಿದ್ದೆ. ಅದಕ್ಕೆ ಮುಂಚೆ ಅವರು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ಅದು ಮುಚ್ಚಿತು. ಆಮೇಲೆ ಅಣಬೆ ಬೆಳೆದರು. ಅದು ಕೊಳೆಯಿತು. ಆಮೇಲೆ ಯಾರೋ ಬಿಟ್ಟಿಯಾಗಿ ಕೊಟ್ಟ ಗಿಡಮೂಲಿಕೆಯ ಪುಸ್ತಕವೊಂದನ್ನು ಅರ್ಧ ಓದಿದರು. ಉಳಿದರ್ಧ ಓದುವಷ್ಟು ತಾಳ್ಮೆ ಅವರ ವಂಶದಲ್ಲೇ ಯಾರಿಗೂ ಇದ್ದಂತಿಲ್ಲ. ಆ ಅರ್ಧ ಪುಸ್ತಕದ ಬಲದ ಮೇಲೆ ಮನೆಯ ಹಿಂದಿನ ಶೆಡ್ಡಿಗೆ 'ಪ್ರಯೋಗಶಾಲೆ' ಎಂದು ಬೋರ್ಡು ತಗುಲಿಸಿದರು.

ಪ್ರಯೋಗಶಾಲೆ ಎಂದರೆ ಏನೆಂದು ನನಗೆ ಗೊತ್ತು. ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಊರಿನ ನಲ್ಲಿ, ಬಾವಿ, ಈಜುಕೊಳಗಳ ನೀರೆಲ್ಲ ಶೀಶೆಗಳಲ್ಲಿ ನನ್ನ ಮೇಜಿಗೆ ಬಂದು ಹೋಗುತ್ತದೆ. ಭಾವನ ಪ್ರಯೋಗಶಾಲೆಯಲ್ಲಿ ಇದ್ದದ್ದು ಒಂದು ಗ್ಯಾಸ್ ಒಲೆ, ತಳ ಸೀದ ಎರಡು ದೊಡ್ಡ ಪಾತ್ರೆ, ಹಳೆಯ ಬೆಡ್‌ಶೀಟ್ ಹರಿದು ಮಾಡಿದ ಸೋಸುವ ಬಟ್ಟೆ, ಮತ್ತು ಮೊಳೆಗೆ ನೇತುಹಾಕಿದ ಒಂದು ಬಿಳಿ ಕೋಟು. ಎಲ್ಲಕ್ಕಿಂತ ಮೊದಲು ಕೊಂಡದ್ದು ಆ ಕೋಟನ್ನೇ.

ಅಂಟುವಾಳದ ಬೀಜ ತೆಗೆದು ಸಿಪ್ಪೆ ನೆನೆಹಾಕುವವಳು ಅಕ್ಕ. ಸೀಗೆಕಾಯಿ ಜಜ್ಜುವವಳು ಅಕ್ಕ. ದಾಸವಾಳದ ಎಲೆ ಕಿವುಚಿ, ಲೋಳೆಸರದ ತಿರುಳು ಕೆರೆದು, ಮೆಂತ್ಯ ಬೀಸಿ, ಎಲ್ಲ ಕುದಿಸಿ ಸೋಸುವವಳೂ ಅಕ್ಕನೇ. ಕೋಟು ಹಾಕಿಕೊಳ್ಳುವವರು ಭಾವ. ಕೊನೆಯಲ್ಲಿ ಒಂದು ಹಿಡಿ ಅರಿಸಿನ ಹಾಕಿ ಮರದ ಸೌಟಿನಿಂದ ಮೂರು ಸುತ್ತು ತಿರುವಿ, ಉಸ್ಸಪ್ಪಾ ಎಂದು ಬೆವರು ಒರೆಸಿಕೊಳ್ಳುವ ಮಹತ್ಕಾರ್ಯವನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಮೊದಲ ಎರಡು ಸಲ ಬಂದದ್ದು ಹಳದಿ ಮಿಶ್ರಿತ ಕೆಸರು ನೀರು. ಅದರ ನೊರೆಯೋ, ಬಾಯಿ ಮುಕ್ಕಳಿಸಿ ಉಗುಳಿದಷ್ಟು. ಭಾವ ಎರಡು ದಿನ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರಂತೆ. ಮೂರನೆಯ ಸಲ ನೊರೆ ಉಕ್ಕಿ ಪಾತ್ರೆಯ ಅಂಚು ದಾಟಿತು. ಜೊತೆಗೆ ಇನ್ನೊಂದು ಪವಾಡ: ಅರಿಸಿನ ಬೀಳುತ್ತಿದ್ದಂತೆ ಇಡೀ ಪಾತ್ರೆ ಇಟ್ಟಿಗೆಯ ಹಾಗೆ ಕೆಂಪಾಯಿತು. ಭಾವ ಕುಣಿದಾಡಿಬಿಟ್ಟರು. ಮೂಲಿಕೆಗಳ ಒಳಗಿನ ಸತ್ವ ಹೊರಗೆ ಬಂತು, ಅದಕ್ಕೇ ಈ ಬಣ್ಣ ಎಂದು ತಾವೇ ತೀರ್ಮಾನಿಸಿ, ಅರುಣಕೇಶ ಎಂದು ಹೆಸರಿಟ್ಟು, 'ಒಂದು ಹನಿ ರಾಸಾಯನಿಕವೂ ಇಲ್ಲ' ಎಂದು ಲೇಬಲ್ ಅಚ್ಚು ಹಾಕಿಸಿದರು.

ಪರೀಕ್ಷೆ ನಡೆದದ್ದು ಅಕ್ಕನ ತಲೆಯ ಮೇಲೆ. ವಾರಕ್ಕೆ ಮೂರು ಸಲ ಸ್ನಾನ, ಪ್ರತಿ ಸಲವೂ ಭಾವನ ಪುಸ್ತಕದಲ್ಲಿ ಒಂದು ಸಾಲು. 'ಹೊಳಪು: ಅದ್ಭುತ.' 'ಮೃದುತ್ವ: ಅದ್ಭುತ.' ಅವರಿಗೆ ಬರುವ ಗುಣವಾಚಕ ಅದೊಂದೇ. ಕಣ್ಣು ಉರಿಯುತ್ತದೆ ಎಂದು ಅಕ್ಕ ಹೇಳಿದರೆ, 'ಕಣ್ಣಿನ ಕಲ್ಮಶ ಹೊರಹೋಗುತ್ತಿದೆ' ಎಂದು ಬರೆದುಕೊಂಡರು. ಕೂದಲು ಉದುರುತ್ತದೆ ಎಂದರೆ, 'ಹಳೆಯದು ಹೋಗಿ ಹೊಸದು ಬರುವ ಲಕ್ಷಣ' ಎಂದು ಬರೆದರು.

ಅಕ್ಕನ ಜಡೆ ಸೊಂಟ ದಾಟುತ್ತಿತ್ತು. ನಾವು ಚಿಕ್ಕವರಿದ್ದಾಗ ನನ್ನ ಬೋಳುಬೋಳು ತಲೆಗೆ ಹೋಲಿಸಿ ಎಲ್ಲರೂ ಹೊಗಳುತ್ತಿದ್ದ ಜಡೆ ಅದು. ಎರಡೂವರೆ ತಿಂಗಳ ನಂತರ ನಾನು ಅವರ ಮನೆಗೆ ಹೋದಾಗ ಅದು ಇಲಿಬಾಲವಾಗಿತ್ತು. ಹಣೆಯ ಮೇಲ್ಗಡೆ ನೆತ್ತಿಯ ಚರ್ಮ ಕಾಣುತ್ತಿತ್ತು. ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲು ಮುಟ್ಟಿದರೆ ಒಣಹುಲ್ಲಿನ ಹಾಗೆ ಪಟಪಟ ತುಂಡಾಗುತ್ತಿತ್ತು.

"ಇದನ್ನ ನಿಲ್ಲಿಸು ಅಕ್ಕಾ, ಇವತ್ತೇ," ಎಂದೆ.

"ಪರೀಕ್ಷೆ ಮುಗಿಯೋಕೆ ಇನ್ನೂ ಮೂರು ತಿಂಗಳಿದೆ ಕಣೇ. ಆಮೇಲೆ ಕೂದಲಿನ ಫೋಟೋ ತೆಗೀತಾರಂತೆ."

"ಆಗ ಫೋಟೋ ತೆಗೆಯೋಕೆ ತಲೇಲಿ ಏನಿರತ್ತೆ?"

ಅಕ್ಕ ನಕ್ಕು ಬಾಚಣಿಗೆಯನ್ನು ಎತ್ತಿಟ್ಟಳು. ಅಷ್ಟರಲ್ಲಿ ಭಾವ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದು ನನ್ನ ಕೈಗೆ ಒಂದು ಬಾಟಲಿ ಕೊಟ್ಟರು. ಸಲೂನ್ ನಡೆಸುವ ಒಬ್ಬ ಹೆಂಗಸು ಮುಂದಿನ ಭಾನುವಾರ ನೋಡಲು ಬರುವವಳಿದ್ದಳು. ಅವಳಿಗೆ ಇದು ಹಿಡಿಸಿದರೆ ಅವಳ ಮೂರು ಸಲೂನುಗಳಿಗೂ ಅರುಣಕೇಶವೇ.

"ಪರೀಕ್ಷೆ ಮೇಡಂ, ಒಂದು ರಿಪೋರ್ಟ್ ಬರ್ಕೊಡಿ. ನೀರಲ್ಲಿ ಹುಳ ಹುಡುಕೋರಿಗೆ ಇದೆಲ್ಲ ಅರ್ಥ ಆಗಲ್ಲ, ಆದ್ರೂ ಒಂದು ಸೀಲ್ ಇದ್ರೆ ಜನಕ್ಕೆ ನಂಬಿಕೆ," ಎಂದರು.

ನಾನು ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಆ ಕೆಂಪನ್ನು ನೋಡಿದೆ. ಕ್ಷಾರದ ಜೊತೆ ಸೇರಿದರೆ ಅರಿಸಿನ ಕೆಂಪಾಗುತ್ತದೆ. ಅರಿಸಿನದ ಕಲೆಯಾದ ಬಟ್ಟೆಗೆ ಸೋಪು ಹಚ್ಚಿದವರಿಗೆಲ್ಲ ಇದು ಗೊತ್ತು. ಜೀವಮಾನದಲ್ಲಿ ಒಂದು ಕರವಸ್ತ್ರವನ್ನೂ ಒಗೆಯದ ಗಂಡಸಿಗೆ ಮಾತ್ರ ಇದು ಮೂಲಿಕೆಯ ಸತ್ವವಾಗಿ ಕಾಣಲು ಸಾಧ್ಯ. ಅಂಟುವಾಳ, ಸೀಗೆ ಎರಡೂ ಹುಳಿಯ ಕಡೆಯವು; ಅವುಗಳಿಂದ ಈ ಕೆಂಪು ಬರಲಾರದು. ಇವರು ಕದ್ದು ಸೋಪು ಸುರಿದು, ಹೆಂಡತಿಯ ತಲೆ ಬೋಳಾದರೂ ಚಿಂತೆಯಿಲ್ಲ ಎಂದು ಜಗತ್ತಿನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ನನಗೆ ಆ ಕ್ಷಣವೇ ಖಚಿತವಾಯಿತು. ಬೆಪ್ಪು ಎಂದುಕೊಂಡಿದ್ದ ಮನುಷ್ಯ ಕಳ್ಳನೂ ಹೌದು ಎಂದು ಗೊತ್ತಾದಾಗ, ಸುಳ್ಳೇಕೆ ಹೇಳಲಿ, ನನಗೆ ಒಂದು ಬಗೆಯ ಖುಷಿಯೇ ಆಯಿತು.

ಲ್ಯಾಬಿನಲ್ಲಿ ಹುಳಿ-ಕ್ಷಾರ ಅಳೆಯುವ ಪಿಎಚ್ ಮೀಟರು ಒಂಬತ್ತು ಮುಕ್ಕಾಲು ತೋರಿಸಿತು. ತಲೆಗೆ ಹಾಕುವುದು ಐದೂವರೆ, ಆರರ ಸುತ್ತ ಇರಬೇಕು. ಇದು ನೆಲ ತಿಕ್ಕಲು ಲಾಯಕ್ಕಾದ ಸರಕು. ಅವತ್ತು ಸಂಜೆ ಅಕ್ಕ ಫೋನ್ ಮಾಡಿದಳು.

"ಏನು ಬಂತೇ?"

"ಭಾನುವಾರ ಎಲ್ಲರ ಮುಂದೆ ಹೇಳ್ತೀನಿ."

"ಮೊದಲು ನನಗೊಬ್ಬಳಿಗೆ ಹೇಳೇ."

"ಉಹೂಂ. ಸರ್ಕಸ್ಸನ್ನ ಸರ್ಕಸ್ಸಿನ ಹಾಗೇ ನೋಡ್ಬೇಕು ಅಕ್ಕಾ."

ಅವಳು ಇನ್ನೇನೋ ಹೇಳಲು ಹೊರಟಿದ್ದಳು. ನಾನು ಫೋನ್ ಇಟ್ಟುಬಿಟ್ಟೆ.

ಭಾನುವಾರ ಸಲೂನಿನ ಹೆಂಗಸು ಬಂದಳು. ಗಟ್ಟಿ ಆಳು, ಮಾತು ಕಡಿಮೆ. ಕುರ್ಚಿಯನ್ನು ಒರೆಸಿಕೊಂಡೇ ಕೂತಳು. ಭಾವ ಇಸ್ತ್ರಿ ಮಾಡಿದ ಕೋಟಿನಲ್ಲಿ ನಿಂತು ಗಾಜಿನ ಕೊಳವೆಗೆ ನೀರು ಹಾಕಿ, ಎರಡು ಹನಿ ಅರುಣಕೇಶ ಬಿಟ್ಟು, ಅದರ ಮೇಲೆ ಒಂದು ಹನಿ ಕಪ್ಪು ಶಾಯಿ ಹಾಕಿ ಜೋರಾಗಿ ಅಲ್ಲಾಡಿಸಿದರು. ಶಾಯಿಯೆಲ್ಲ ಮೇಲೇರಿ ನೊರೆ ಕಪ್ಪಾಯಿತು.

"ನೋಡಿದ್ರಾ ಮೇಡಂ! ಕೊಳೆಯನ್ನ ಹೇಗೆ ಮೇಲಕ್ಕೆ ಎಳ್ಕೊಂಡು ಬಂತು!" ಎಂದು ಎದೆಯುಬ್ಬಿಸಿದರು.

"ಆ ನೊರೆ ಎಲ್ಲಿರತ್ತೆ ಭಾವ, ತಲೆ ಮೇಲೆ ತಾನೇ?" ಎಂದೆ ನಾನು. "ಕೊಳೆ ನೊರೆಗೆ ಬಂದ್ರೆ ವಾಪಸ್ ಕೂದಲಿಗೇ ಅಂಟತ್ತೆ. ಶಾಯಿ ಕೆಳಗೆ ನೀರಲ್ಲೇ ಉಳಿದ್ರೆ ಮಾತ್ರ ಪಾಸು. ಇದು ಫೇಲು. ನೀವು ಫೇಲಾಗಿದ್ದನ್ನೇ ಚಪ್ಪಾಳೆ ತಟ್ಟಿ ತೋರಿಸ್ತಿದ್ದೀರಿ."

ಸಲೂನಿನವಳು ಮೊದಲ ಸಲ ಮುಗುಳ್ನಕ್ಕಳು. ಅದು ಸಾಕಾಯಿತು ನನಗೆ. ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ಹೆಚ್ಚಿ, ಗಾಜಿನ ಲೋಟದಲ್ಲಿದ್ದ ಅರುಣಕೇಶದ ಮೇಲೆ ಹಿಂಡಿದೆ. ಕೆಂಪು ಮಾಯವಾಗಿ ಲೋಟ ಹಳದಿಯಾಯಿತು. ನೊರೆ ಕುಸಿಯಿತು. ಒಡೆದ ಹಾಲಿನ ಹಾಗೆ ಬಿಳಿ ಚೂರುಗಳು ಮೇಲೆ ತೇಲಿದವು.

"ಇದು ಯಾವ ಮೂಲಿಕೆಯ ಸತ್ವವೂ ಅಲ್ಲ. ಬಟ್ಟೆ ಸೋಪು. ಹುಳಿ ಬಿದ್ದ ಕೂಡಲೇ ಸೋಪು ಹೀಗೆ ಒಡೆಯತ್ತೆ. ಅಕ್ಕನ ತಲೆ ನೋಡಿ ಮೇಡಂ, ಎರಡೂವರೆ ತಿಂಗಳಿಂದ ಬಟ್ಟೆ ಸೋಪು ಹಾಕಿ ಒಗೀತಿದ್ದಾರೆ. ಇವಾಗ ಹೇಳಿ ಭಾವ, ಎಷ್ಟು ಬಾರು ಹಾಕಿದ್ರಿ?"

ಭಾವ ಬಾಯಿ ಬಿಟ್ಟುಕೊಂಡು ಲೋಟ ನೋಡುತ್ತಿದ್ದರು. ಬೆರಳು ಅದ್ದಿ ಒಂದು ಬಿಳಿ ಚೂರನ್ನು ಎತ್ತಿ ಮೂಸಿದರು. ಸುಳ್ಳು ಹೇಳುವಾಗ ಅವರ ದನಿ ಮೇಲೇರುತ್ತದೆ, ಕಿವಿ ಕೆಂಪಾಗುತ್ತದೆ. ಅಣಬೆಯ ಕಾಲದಿಂದ ನೋಡಿ ಬಲ್ಲೆ. ಈಗ ಅವೆರಡೂ ಆಗಲಿಲ್ಲ.

"ಸೋಪಾ?" ಎಂದರು ಮೆಲ್ಲಗೆ. "ನಾನು ಹಾಕಿಲ್ಲಮ್ಮ. ನಿಜವಾಗ್ಲೂ ಹಾಕಿಲ್ಲ. ಯಾರು ಹಾಕ್ತಾರೆ ಇದಕ್ಕೆ?"

ನಾನು ತಿರುಗಿ ನೋಡಿದೆ. ಅಕ್ಕ ಬಾಗಿಲ ಬಳಿ ನಿಂತಿದ್ದಳು. ಅವಳು ನನ್ನನ್ನೇ ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ನಾನು ಅಪ್ಪನಿಗೆ ಚಾಡಿ ಹೇಳಲು ಹೊರಟಾಗ ನೋಡುತ್ತಿದ್ದ ಹಾಗೆ. ಎರಡು ದಿನ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ ಗಂಡ, ಮೂರನೆಯ ಸಲ ಉಕ್ಕಿದ ನೊರೆ, 'ನನಗೊಬ್ಬಳಿಗೆ ಹೇಳೇ' ಎಂದ ದನಿ, ಎಲ್ಲ ಒಟ್ಟಿಗೆ ನನ್ನ ದಪ್ಪ ತಲೆಗೆ ಹೊಕ್ಕವು. ತಾನು ಏನು ಹಾಕಿದ್ದೇನೆಂದು ಗೊತ್ತಿದ್ದೂ ಅವಳು ಅದನ್ನೇ ವಾರಕ್ಕೆ ಮೂರು ಸಲ ತಲೆಗೆ ಸುರಿದುಕೊಂಡಿದ್ದಳು.

"ಯಾರು ಹಾಕಿದ್ದು ಹೇಳಮ್ಮ," ಎಂದರು ಭಾವ ಮತ್ತೆ. ಸಲೂನಿನವಳೂ ನನ್ನ ಬಾಯನ್ನೇ ನೋಡುತ್ತಿದ್ದಳು.

"ಯಾರೂ ಹಾಕಿಲ್ಲ," ಎಂದೆ. "ಪಾತ್ರೆ ತೊಳೆದಾಗ ಸೋಪು ಸರಿಯಾಗಿ ಹೋಗಿಲ್ಲ ಅನ್ಸತ್ತೆ. ತಳದಲ್ಲಿ ಉಳಿದಿರತ್ತೆ."

ಪಾತ್ರೆಯ ತಳದಲ್ಲಿ ಉಳಿದ ಸೋಪಿನಿಂದ ಹೀಗಾಗಬೇಕಿದ್ದರೆ ಆ ಪಾತ್ರೆಯನ್ನೇ ಸೋಪಿನಲ್ಲಿ ಎರಕ ಹೊಯ್ದಿರಬೇಕು. ಸಣ್ಣ ಮಕ್ಕಳೂ ನಂಬದ ಮಾತು. ಭಾವ ನಂಬಿದರು. ಅವರ ಮುಖಕ್ಕೆ ಜೀವ ಬಂತು, ಬೆನ್ನು ನೆಟ್ಟಗಾಯಿತು, ದನಿ ಏರಿತು.

"ಕೇಳಿಸ್ತೇನೇ? ಒಂದು ಪಾತ್ರೆ ನೆಟ್ಟಗೆ ತೊಳೆಯೋಕೆ ಬರಲ್ವ ನಿಂಗೆ? ನನ್ನ ಇಷ್ಟು ದಿನದ ಶ್ರಮಾನೆಲ್ಲ ಹಾಳು ಮಾಡಿಬಿಟ್ಯಲ್ಲ!"

"ತಪ್ಪಾಯ್ತು," ಎಂದಳು ಅಕ್ಕ. "ಇನ್ಮೇಲೆ ಸರಿಯಾಗಿ ತೊಳೀತೀನಿ."

ಹೊರಗಿನವಳೊಬ್ಬಳ ಎದುರು, ಅವರು ಕೋಟಿನ ಜೇಬಿಗೆ ಕೈ ಹಾಕಿಕೊಂಡು ಇನ್ನೂ ಹತ್ತು ನಿಮಿಷ ಅವಳಿಗೆ ಪಾತ್ರೆ ತೊಳೆಯುವ ಪಾಠ ಹೇಳಿದರು. ಆ ಮುಖಕ್ಕೆ ಲೋಟದಲ್ಲಿದ್ದುದನ್ನು ಎರಚಬೇಕೆನಿಸಿತು. ಕೈ ಏಳಲಿಲ್ಲ. ಪಾಠಕ್ಕೆ ಪೀಠಿಕೆ ಹಾಕಿಕೊಟ್ಟವಳು ನಾನೇ ಅಲ್ಲವೇ. ಸಲೂನಿನವಳು ಎದ್ದು, "ಸರಿ ಮಾಡಿದ ಮೇಲೆ ರಿಪೋರ್ಟ್ ಸಮೇತ ಇನ್ನೊಂದ್ಸಲ ತೋರಿಸಿ," ಎಂದು ಹೋದಳು.

ಹಿತ್ತಲಿನ ನಲ್ಲಿಯ ಹತ್ತಿರ ಅಕ್ಕನನ್ನು ಹಿಡಿದುಕೊಂಡೆ. "ನಿನಗೆ ತಲೆ ಕೆಟ್ಟಿತ್ತಾ? ಬಟ್ಟೆ ಸೋಪು ತುರಿದು ಹಾಕಿ, ಅದನ್ನೇ ತಲೆಗೆ ಹಾಕ್ಕೊಳ್ಳೋದಾ?"

"ಅವರು ಬಾಟ್ಲಿ ತರೋಕೆ ಹೋದಾಗ ಹಾಕಿದೆ. ಒಂದ್ಸಲ ನೊರೆ ನೋಡಲಿ, ಖುಷಿಯಾಗಿ ಎರಡು ತುತ್ತು ತಿನ್ನಲಿ ಅಂತ. ಆಮೇಲೆ ನಿಲ್ಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ. ಹಾಕಿದ್ದು ನಾನು ಅಂದ್ಮೇಲೆ ಇನ್ನೊಬ್ಬರ ತಲೆಗೆ ಹಾಕ್ಲಾ?"

"ಸಲೂನಿನವಳು ತಗೊಂಡಿದ್ರೆ?"

"ಅದಕ್ಕೇ ನಿನ್ನ ಕೇಳಿದ್ದು. ನೀನು ಏನಾದ್ರೂ ದಾರಿ ಹೇಳ್ತೀಯ ಅಂತ. ನಿಂಗೆ ಅವರ ಮಾನ ಕಳೆಯೋ ಆತುರ."

ಅಕ್ಕ ನಲ್ಲಿ ತಿರುಗಿಸಿ ಪಾತ್ರೆಗೆ ನೀರು ಬಿಟ್ಟಳು.

"ಈ ಮೂರನೇ ವ್ಯಾಪಾರಾನೂ ಮುಳುಗಿದ್ರೆ ಅವರು ಏಳಲ್ಲ ಕಣೇ," ಎಂದಳು. "ಸೋಪಿಲ್ದೆ ನೊರೆ ಬರದಿದ್ರೆ ಮತ್ತೆ ಹಾಕ್ತೀನಿ. ಕೂದಲು ತಾನೇ."

ಅವಳು ಹಾಕಿಯೇ ಹಾಕುತ್ತಾಳೆಂದು ನನಗೆ ಗೊತ್ತಿತ್ತು. ಅದಕ್ಕೇ ಮುಂದಿನ ವಾರ ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಯಿಂದ ಐದು ಲೀಟರಿನ ಒಂದು ಕ್ಯಾನು ಕೊಂಡು, ಲೇಬಲ್ ಕಿತ್ತುಹಾಕಿ, ಭಾವ ಇಲ್ಲದ ಹೊತ್ತಿನಲ್ಲಿ ಅಕ್ಕನ ಕೈಗೆ ಕೊಟ್ಟೆ. ಮಕ್ಕಳ ಶಾಂಪೂಗೆ ಹಾಕುವ ಸೌಮ್ಯವಾದ ನೊರೆಯ ದ್ರವ. ಕಣ್ಣಿಗೆ ಉರಿಯಿಲ್ಲ, ಕೂದಲಿಗೆ ಕೇಡಿಲ್ಲ. ಒಂದು ಪಾತ್ರೆಗೆ ಎಷ್ಟು ಎಂದು ಅಳತೆ ಲೋಟಕ್ಕೆ ಗೆರೆ ಹಾಕಿಕೊಟ್ಟೆ.

ಹೊಸ ಶಾಂಪೂ ಹಳದಿಯಾಗಿ ಬಂತು. ನೊರೆ ಹಾಲಿನ ಕೆನೆಯ ಹಾಗೆ ನಿಂತಿತು. ಭಾವ ಕೊಳವೆಯನ್ನು ಬೆಳಕಿಗೆ ಹಿಡಿದು, "ಕಂಡ್ಯಾ! ಪಾತ್ರೆ ಶುದ್ಧವಾಗಿದ್ರೆ ಮೂಲಿಕೆ ತಾನಾಗೇ ಕೆಲಸ ಮಾಡತ್ತೆ. ನಾನು ಮೊದಲಿಂದ ಹೇಳ್ತಾನೇ ಇದ್ದೆ," ಎಂದರು. ಯಾವ ಮೊದಲಿಂದಲೋ, ಯಾರಿಗೋ. ಲೇಬಲ್‌ನಲ್ಲಿ ಹೆಸರು ಮಾತ್ರ 'ಸ್ವರ್ಣಕೇಶ' ಎಂದು ಬದಲಾಗಿತ್ತು. ಒಂದು ಹನಿ ರಾಸಾಯನಿಕವೂ ಇಲ್ಲ ಎಂಬ ಸಾಲು ಹಾಗೆಯೇ ಇತ್ತು.

ಶಾಯಿ ಕೆಳಗೆ ನೀರಲ್ಲೇ ಉಳಿಯಿತು. ಮೀಟರು ಐದೂವರೆ ತೋರಿಸಿತು. ಅದನ್ನೆಲ್ಲ ರಿಪೋರ್ಟಿನಲ್ಲಿ ಬರೆದೆ. 'ಸೇರಿಸಿದ ವಸ್ತುಗಳು' ಎಂದಿದ್ದ ಕಡೆ ಅಂಟುವಾಳ, ಸೀಗೆ, ದಾಸವಾಳ, ಮೆಂತ್ಯ, ಲೋಳೆಸರ, ಅರಿಸಿನ ಎಂದು ಬರೆದು ಪೂರ್ಣವಿರಾಮ ಹಾಕಿದೆ. ಹದಿನಾಲ್ಕು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ರಿಪೋರ್ಟು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಕೆಳಗೆ ಸಹಿ ಮಾಡಿದೆ. ಭಾವ ಅದನ್ನು ಕಸಿದುಕೊಂಡು, ಓದುತ್ತಲೇ ಸಲೂನಿಗೆ ಫೋನ್ ಮಾಡಲು ಹೊರಗೆ ಓಡಿದರು.

"ಮನುಷ್ಯನಿಗೆ ಒಂದು ಅನುಮಾನವಾದ್ರೂ ಬರಬೇಡವಾ?" ಎಂದೆ. "ಇಷ್ಟು ದೊಡ್ಡ ದಡ್ಡ..."

ಅಕ್ಕ ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು.

"ಸಾಕು ಕಣೇ," ಎಂದಳು. "ಇನ್ಮೇಲೆ ನೀನು ಅವರನ್ನ ಬೈಯೋ ಹಾಗಿಲ್ಲ."