ಇಸ್ತ್ರಿಯವಳ ಕೈಗವಸು

ಡಬ್ಬಿಯಲ್ಲಿದ್ದದ್ದು ಆರು ಚೀಟಿ. ಐದು ಜನ ಎತ್ತಿಕೊಂಡ ಮೇಲೆ ಉಳಿದ ಒಂದನ್ನು ಇಸ್ತ್ರಿಯವಳು ಬಿಚ್ಚಿ ನೋಡಿದರೆ ಅದರಲ್ಲಿ ಅವಳದೇ ಹೆಸರು. ಹಣೆಬರಹ ಕೆಟ್ಟರೆ ಹೀಗೂ ಕೆಡುತ್ತದೆ.

ಸಮವಸ್ತ್ರ ಹೊಲಿಯುವ ಆ ನೆಲಮಾಳಿಗೆಯಲ್ಲಿ ಇದ್ದವರು ಆರು ಹೆಂಗಸರು. ಆರು ದೇಶ, ಆರು ಭಾಷೆ, ಆರು ಬಗೆಯ ಅಕ್ಷರ. ಮಾಲೀಕನ ಭಾಷೆಯನ್ನು ಹರಕುಮುರುಕು ಕಲಿತು ಅದರಲ್ಲೇ ಬೈದಾಡಿಕೊಂಡು, ನಕ್ಕು, ಗಂಡಂದಿರನ್ನು ಆಡಿಕೊಂಡು ದಿನ ದೂಡುತ್ತಿದ್ದರು. ವರ್ಷದ ಕೊನೆಯ ರಜೆಗೆ ಮುಂಚೆ ಚೀಟಿ ಎತ್ತಬೇಕು, ಬಂದ ಹೆಸರಿನವಳಿಗೆ ಕೈಯಾರೆ ಏನಾದರೂ ಮಾಡಿಕೊಡಬೇಕು, ಜೊತೆಗೊಂದು ಕಾರ್ಡನ್ನು ತನ್ನ ತಾಯ್ನುಡಿಯಲ್ಲೇ ಬರೆದಿಡಬೇಕು. ಈ ಪದ್ಧತಿ ಶುರು ಮಾಡಿದವಳು ಕತ್ತರಿಯಕ್ಕ. ಬಟ್ಟೆ ಕತ್ತರಿಸುವ ಮೇಜು ಅವಳದು, ಅಲ್ಲಿನ ಹಿರಿತನವೂ ಅವಳದು.

“ಯಾರ ಹೆಸರು ಬಂತು ಅಂತ ಒಬ್ಬರೂ ಬಾಯಿಬಿಡಬಾರದು. ಬಿಟ್ಟರೆ ಮುಂದಿನ ವರ್ಷ ಆಟಕ್ಕಿಲ್ಲ, ತಿಳೀತಾ?” ಎಂದಿದ್ದಳು ಅವಳು.

ತನ್ನ ಹೆಸರೇ ಬಂದರೆ ಹೇಳಬೇಕು, ಮತ್ತೆ ಚೀಟಿ ಎತ್ತಬೇಕು ಎಂಬುದು ಹಳಬರಿಗೆಲ್ಲ ಗೊತ್ತಿದ್ದ ಮಾತು. ನಾಲ್ಕು ತಿಂಗಳ ಹಿಂದೆ ಬಂದವಳಿಗೆ ಅದನ್ನು ಹೇಳಿದವರು ಯಾರು? ಅವಳು ಚೀಟಿಯನ್ನು ಮಡಚಿ ರವಿಕೆಯೊಳಗೆ ಸೇರಿಸಿ ಸುಮ್ಮನಾದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಮಧ್ಯಾಹ್ನ ಊಟಕ್ಕೆ ಐವರೂ ಕೂರುವ ಉದ್ದ ಬೆಂಚಿನಲ್ಲಿ ಒಂದು ಗೇಣು ಜಾಗ. ನಾಲ್ಕು ತಿಂಗಳಿಂದ ಅವಳು ಹಬೆ ಬರುವ ಮೂಲೆಯಲ್ಲಿ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದಳು. ಚೀಟಿ ಎತ್ತಲು ಕರೆದ ದಿನವೇ ಮೊದಲ ಬಾರಿಗೆ ಅವಳನ್ನು ಆ ಬೆಂಚಿನ ತುದಿಯಲ್ಲಿ ಕೂರಿಸಿಕೊಂಡಿದ್ದರು. ಸಿಕ್ಕ ತುದಿಯನ್ನು ಒಂದು ಚೀಟಿಗೋಸ್ಕರ ಕಳೆದುಕೊಳ್ಳಲು ಅವಳೇನು ಹುಚ್ಚಿಯೇ?

ಹುಚ್ಚಿಯಲ್ಲ, ಆದರೆ ಪೆದ್ದಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಹೂಡಿದಳು. ಇಸ್ತ್ರಿಯ ಬಿಸಿಗೆ ಬೊಬ್ಬೆಯೆದ್ದ ತನ್ನ ಕೈಗಳಿಗೆ ತಾನೇ ಒಂದು ಜೊತೆ ಕೈಗವಸು ಹೊಲಿದುಕೊಂಡಳು. ತುಂಡುಬಟ್ಟೆ, ಒಳಗೆ ಹತ್ತಿ, ಅಂಚಿಗೆ ನೀಲಿ ದಾರ. ಯಾರೋ ಪ್ರೀತಿಯಿಂದ ಹೊಲಿದಂತೆಯೇ ಹೊಲಿದಳು. ಕಾರ್ಡು? ತನ್ನ ಅಕ್ಷರದಲ್ಲಿ ಬರೆದರೆ ಗುಟ್ಟು ರಟ್ಟು. ಬೇರೆಯವರ ಅಕ್ಷರ ಬೇಕು. ಬೇರೆಯವರೆಂದರೆ ಕತ್ತರಿಯಕ್ಕನದೇ ಇರಲಿ. ಅಕ್ಕನೇ ಕೈಗವಸು ಕೊಟ್ಟಳೆಂದರೆ ಬೆಂಚಿನ ನಡುವಿನಲ್ಲೇ ಜಾಗ ಸಿಕ್ಕೀತು! ಅಕ್ಕನಿಗೆ ತಿಳಿದರೂ ದೊಡ್ಡ ಮನಸ್ಸಿನವಳು, ನಕ್ಕು ಸುಮ್ಮನಾಗುತ್ತಾಳೆ. ಪೆದ್ದರ ಲೆಕ್ಕ ಯಾವಾಗಲೂ ಅವರ ಕಡೆಗೇ ವಾಲುತ್ತದೆ.

ಕತ್ತರಿಯಕ್ಕನ ಬೀರುವಿನ ಬಾಗಿಲ ಒಳಮೈಗೆ ಒಂದು ಕಾಗದ ಅಂಟಿಸಿತ್ತು. “ನನ್ನ ಮಗಳ ಕಾಗದ. ದಿನಾ ಒಂದ್ಸಲ ನೋಡದಿದ್ರೆ ತುತ್ತು ಇಳಿಯಲ್ಲ” ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಉಳಿದ ತುಂಡುಬಟ್ಟೆಯಲ್ಲಿ ಮೊಮ್ಮಗುವಿಗೆ ಅಂಗಿ ಹೊಲಿದು ತಿಂಗಳು ತಿಂಗಳೂ ಪಾರ್ಸೆಲ್ ಕಟ್ಟುವುದನ್ನೂ ಎಲ್ಲರೂ ನೋಡಿದ್ದರು. ಮಗಳು ತಾಯಿಗೆ ಬರೆದದ್ದರಲ್ಲಿ ಪ್ರೀತಿಯಲ್ಲದೆ ಇನ್ನೇನಿರುತ್ತದೆ? ಅಕ್ಕ ಕೈತೊಳೆಯಲು ಹೋದಾಗಲೆಲ್ಲ, ಮೂರು ಮಧ್ಯಾಹ್ನ, ಇಸ್ತ್ರಿಯವಳು ಬೀರು ತೆಗೆದು ಆ ಬಾಗಿಲ ಮುಂದೆ ನಿಂತು ಮೊದಲ ನಾಲ್ಕು ಸಾಲನ್ನು ರಂಗೋಲಿ ನೋಡಿ ಬಿಡಿಸುವಂತೆ ರಟ್ಟಿನ ಮೇಲೆ ಬಿಡಿಸಿಕೊಂಡಳು.

ರಜೆಯ ಹಿಂದಿನ ದಿನ ಕತ್ತರಿಸುವ ಮೇಜಿನ ಮೇಲೆ ಆರು ಪೊಟ್ಟಣಗಳು ಕೂತವು.

“ಹೊಸಬಳದ್ದು ಮೊದಲು!” ಎಂದಳು ಗುಂಡಿ ಹಚ್ಚುವವಳು.

ಕೈಗವಸು ನೋಡಿ ಎಲ್ಲರೂ ಹೋ ಎಂದರು. ಇಸ್ತ್ರಿಯವಳ ಮುಖ ಅರಳಿತು. ಕಾರ್ಡನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಕಾಜಾ ಹೊಲಿಯುವವಳು ಅದನ್ನು ಕಿತ್ತುಕೊಂಡಳು.

“ಎಲ್ಲಿಗೆ ಬಚ್ಚಿಡ್ತೀಯೆ? ಬರೆದವರು ಓದಿ ಅರ್ಥ ಹೇಳ್ಬೇಕು, ಅದೇ ಮಜಾ. ಅರೆ, ಇದು ಅಕ್ಕನ ಅಕ್ಷರ! ಓದಕ್ಕ, ಓದು!”

ಇದನ್ನೂ ಅವಳಿಗೆ ಯಾರೂ ಹೇಳಿರಲಿಲ್ಲ.

ಕತ್ತರಿಯಕ್ಕ ಕಾರ್ಡನ್ನು ನೋಡಿದಳು. ಮುಖದಲ್ಲಿದ್ದ ರಕ್ತವೆಲ್ಲ ಎಲ್ಲೋ ಇಳಿದುಹೋಯಿತು. ಅವಳು ಏನು ಬೇಕಾದರೂ ಹೇಳಬಹುದಿತ್ತು. ನೂರು ವರ್ಷ ಬಾಳು ಎಂದಿದ್ದರೂ ಅಲ್ಲಿ ಅಡ್ಡ ಕೇಳುವವರಿರಲಿಲ್ಲ. ಅವಳು ಇಸ್ತ್ರಿಯವಳ ಕಣ್ಣಿನಲ್ಲಿ ಕಣ್ಣಿಟ್ಟು, ಕಾರ್ಡಿನ ಕಡೆ ಮತ್ತೆ ನೋಡದೆ, ಬಾಯಿಪಾಠದ ಹಾಗೆ ಒಪ್ಪಿಸಿದಳು.

“ನೀನು ಹೊಲಿದದ್ದು ಇನ್ನು ಕಳಿಸಬೇಡ. ನಿನ್ನ ಕೈ ಸೋಕಿದ್ದು ನನ್ನ ಮನೆಗೆ ಬರಕೂಡದು. ನೀನು ನನಗೆ ಯಾರೂ ಅಲ್ಲ. ಇದ್ದಲ್ಲೇ ಇರು, ಹತ್ತಿರ ಬರಬೇಡ.”

“ಇದೇನಕ್ಕಾ, ಇವಳಿಗೆ ಹೀಗೆ ಬರೆದಿದೀಯಾ?” ಎಂದಳು ಗುಂಡಿಯವಳು.

“ಹೂಂ, ಬರೆದೆ. ಹಿಡಿಸಲಿಲ್ಲ, ಹಿಡಿಸಲಿಲ್ಲ ಅಂತ ಬರೆದೆ. ಕೈ ಸುಟ್ಕೋಬಾರದು ಅಂತ ಗವಸು ಕೊಟ್ಟೆ, ಅಷ್ಟೇ.”

ಹೊಲಿದದ್ದು ಕಳಿಸಬೇಡ. ಇಸ್ತ್ರಿಯವಳಿಗೆ ಆಗ ಅರ್ಥವಾಯಿತು. ಅಯ್ಯೋ ಎನಿಸಿತು, ನಿಜವಾಗಿಯೂ ಅನಿಸಿತು. ತನ್ನಿಂದ ಆದ ತಪ್ಪು, ನುಂಗಿಕೊಂಡು ಕೂರಬಹುದಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಕಾಜಾದವಳು ಅಂಟುರೋಗದವಳಿಂದ ಸರಿದಂತೆ ಬೆಂಚಿನಲ್ಲಿ ಒಂದು ಮೊಳ ಆಚೆ ಸರಿದಳು. ಅದನ್ನು ಮಾತ್ರ ಅವಳಿಗೆ ತಾಳಲಾಗಲಿಲ್ಲ.

“ಅಕ್ಕ, ಇದು ನಿಮ್ಮ ಮಗಳು ನಿಮಗೆ ಬರೆದದ್ದು. ನಿಮ್ಮ ಬೀರು ಬಾಗಿಲಲ್ಲಿದೆ. ನೋಡಿ ನಕಲು ಮಾಡಿದವಳು ನಾನು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಂಡಿಯವಳು ಹೋಗಿ ಬೀರು ತೆಗೆದು ಕಾರ್ಡನ್ನು ಕಾಗದದ ಪಕ್ಕ ಹಿಡಿದಳು. ಸುರುಳಿಗೆ ಸುರುಳಿ, ಚುಕ್ಕಿಗೆ ಚುಕ್ಕಿ. ಇಷ್ಟು ವರ್ಷ ಮುತ್ತಿಟ್ಟುಕೊಂಡು ಮೆರೆಸಿದ ಕಾಗದ ಅದು. ಯಾರೂ ಅಕ್ಕನ ಮುಖ ನೋಡಲಿಲ್ಲ.

ಅವಳು ಇಸ್ತ್ರಿಯವಳ ಕಡೆ ತಿರುಗಿದಳು. ಆಮೇಲೆ ಬಹಳ ಮೃದುವಾಗಿ ಕೇಳಿದಳು.

“ಆಯ್ತು ಮಗಾ. ಕಾಗದ ನನ್ನ ಮಗಳದ್ದೇ. ಹಾಗಾದ್ರೆ ಈ ಗವಸು ಹೊಲಿದೋರು ಯಾರು?”

“ನಾನಲ್ಲ,” ಎಂದಳು ಗುಂಡಿಯವಳು. “ನಾನಲ್ಲಪ್ಪ,” ಎಂದಳು ಕಾಜಾದವಳು. ಉಳಿದಿಬ್ಬರೂ ಇಲ್ಲವೆಂದು ತಲೆಯಾಡಿಸಿದರು.

ಮೊದಲು ನಕ್ಕದ್ದು ಯಾರೋ, ತಡೆಯಲಾಗದೆ ಮೂಗಿನಲ್ಲಿ.

“ಪಾಪ, ಹಾಕ್ಕೊಂಡು ತೋರಿಸು,” ಎಂದಳು ಕತ್ತರಿಯಕ್ಕ. “ನಾಚಿಕೆ ಯಾಕೆ? ಹಾಕ್ಕೋ.”

ಅವಳು ಹಾಕಿಕೊಂಡಳು. ಬೇಡ ಎನ್ನಲು ಅವಳಲ್ಲಿ ಏನೂ ಉಳಿದಿರಲಿಲ್ಲ. ಅಕ್ಕ ಆ ಕೈಗಳನ್ನು ಹಿಡಿದೆತ್ತಿ, ಬೆರಳು ಬೆರಳನ್ನೂ ಒತ್ತಿ ನೋಡಿ, ಎಲ್ಲರ ಕಡೆ ತಿರುಗಿಸಿದಳು.

“ನೋಡ್ರೇ, ಎಷ್ಟು ಸರಿಯಾಗಿ ಕೂತಿದೆ! ಅಳತೆ ಚೆನ್ನಾಗಿ ಗೊತ್ತಿದ್ದೋರೇ ಹೊಲಿದಿರೋದು.”

ಐವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಕತ್ತರಿಯಕ್ಕ, ಕಣ್ಣಲ್ಲಿ ನೀರು ಸುರಿಯುವವರೆಗೆ. ಮತ್ತು ಆ ಕೈಗಳನ್ನು ಅವಳು ಬಿಡಲೇ ಇಲ್ಲ.